ಏಳನೇ ನಂಬರಿನ ಸವಳು

ನಾನೊಂದು ಮಣ್ಣಿನ ನಕ್ಷೆ. ಹುಟ್ಟಿದ್ದು ಅಚ್ಚಿನ ಮನೆಯಲ್ಲಲ್ಲ, ಜೀಪಿನ ಬಾನೆಟ್ಟಿನ ಮೇಲೆ. ಸರ್ವೇಯರ್ ದ್ಯಾವಪ್ಪ ಹೊಸಮನಿಯವರು ಒಂದು ಬೇಸಿಗೆಯಿಡೀ ಹನ್ನೊಂದು ಊರು ಸುತ್ತಿದರು. ಆಳೆತ್ತರದ ಗುಂಡಿ ತೋಡಿಸಿ, ಹಸಿ ಮಣ್ಣನ್ನು ಬೆರಳಲ್ಲಿ ಹೊಸೆದು ನೋಡಿ, ಆಮೇಲೇ ನನ್ನ ಮೈಮೇಲೆ ಪೆನ್ಸಿಲ್ ಆಡಿಸಿದರು. ಒಂದೊಂದು ಬಗೆಯ ಮಣ್ಣಿಗೆ ಒಂದೊಂದು ನಂಬರು: ಮೂರು ಎಂದರೆ ಕೆಂಪು ಮಸಾರಿ, ಐದು ಎಂದರೆ ಕಲ್ಲು ಬೆರೆತ ಮಡ್ಡಿ, ಏಳು ಎಂದರೆ ಸವಳು, ಅಂದರೆ ಉಪ್ಪು ಹತ್ತಿದ ನೆಲ. ನನ್ನಂಥ ಚೊಕ್ಕ ನಕ್ಷೆ ಆ ಕಚೇರಿಯಲ್ಲಿ ಇನ್ನೊಂದಿರಲಿಲ್ಲ. ನಾನೇ ಹೇಳಿಕೊಳ್ಳಬೇಕು, ಹೇಳುವವರು ಬೇರೆ ಯಾರಿದ್ದಾರೆ?

ಆಮೇಲೆ ಇಪ್ಪತ್ತೆರಡು ವರ್ಷ ಕಬ್ಬಿಣದ ಕಪಾಟಿನಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿದ್ದೆ. ಹುಳು ಒಂದು ಮೂಲೆ ತಿಂದಿತು. ಪುಣ್ಯಕ್ಕೆ ಅಲ್ಲಿ ಹಳ್ಳವೊಂದೇ ಇತ್ತು.

ಒಂದು ದಿನ ಕಪಾಟು ತೆರೆಯಿತು. ಜಿಐಎಸ್ ಎಂಬ ಕಂಪ್ಯೂಟರ್ ನಕ್ಷೆಯ ಕೆಲಸಕ್ಕೆ ಹೊಸದಾಗಿ ಬಂದ ರೇಷ್ಮಾ ನದಾಫ್ ನನ್ನನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಿದಳು. ಅಬ್ಬಬ್ಬಾ, ಆ ಖುಷಿ ಏನು ಹೇಳಲಿ! ಅವಳು ನನ್ನ ಒಂದೊಂದು ಗೆರೆಯನ್ನೂ ಮೌಸಿನಿಂದ ತಿದ್ದಿದಳು. ಪ್ರತಿ ತುಂಡಿನ ಹಿಂದೆ ಒಂದು ಪಟ್ಟಿ ಕಟ್ಟಿ ಮಣ್ಣಿನ ಹೆಸರು, ಆಳ, ಇಳಿಜಾರು ತುಂಬಿದಳು. ಹೊಲದ ಮೇಲೆ ಒತ್ತಿದರೆ ಸಾಕು, ಅದರ ಜಾತಕವೇ ಪರದೆಗೆ ಬರುತ್ತಿತ್ತು. ಕೊನೆಗೆ ಪಕ್ಕದ ಊರುಗಳ ನಕ್ಷೆಯ ಹಾಳೆಯನ್ನೂ ನನ್ನನ್ನೂ ಅಂಚಿಗೆ ಅಂಚು ಕೂಡಿಸಿದಳು.

ಕಚೇರಿಯ ಮುಖ್ಯಸ್ಥರಾದ ಹೆರೂರ ಸಾಹೇಬರು ನೋಡಿ ತಲೆದೂಗಿದರು. "ಛಲೋ ಆಗೇತಿ. ನಾಳೆ ಮಧ್ಯಾಹ್ನ ಕಾಲುವೆ ಸಭೆಗೆ ಇದನ್ನ ಒಯ್ಯೋಣು. ನಾಗರಕೊಪ್ಪದ ಎರಿಗೆ ನೀರು ಬಿಡೋದು ಅಂತ ಬರಿ."

ನಾಗರಕೊಪ್ಪ ನನ್ನ ಹನ್ನೊಂದು ಊರುಗಳಲ್ಲೊಂದು. ನಾಗರಕೊಪ್ಪದಲ್ಲಿ ಎರೆ ಎಲ್ಲಿದೆ? ಪಕ್ಕದ ಹಾಳೆ ಬರೆದವರು ಬೇರೆ ಸರ್ವೇಯರು. ಅವರ ಲೆಕ್ಕದಲ್ಲಿ ಏಳು ಎಂದರೆ ಒಳ್ಳೆಯ ಕಪ್ಪು ಎರೆಭೂಮಿ. ಹಾಳೆ ಕೂಡಿಸುವಾಗ ರೇಷ್ಮಾ ಎರಡೂ ಏಳನ್ನು ಎರೆ ಎಂದೇ ಮಾಡಿದ್ದಳು. ಸವಳಿನಲ್ಲಿ ಕಾಲುವೆ ನೀರು ನಿಂತರೆ ಉಪ್ಪೆಲ್ಲ ಮೇಲೆದ್ದು, ಇನ್ನೂರು ಎಕರೆಯಲ್ಲಿ ಜೋಳದ ಕಡ್ಡಿಯೂ ಏಳುವುದಿಲ್ಲ. ಕೂಗಿ ಹೇಳೋಣವೆಂದರೆ ಕಾಗದಕ್ಕೆ ಬಾಯೆಲ್ಲಿ?

ದೇವರು ದೊಡ್ಡವನು. ಹುಡುಗಿಗೆ ದೊಡ್ಡವರ ಮೇಲೆ ಮರ್ಯಾದೆ ಇತ್ತು. ನಿವೃತ್ತರಾಗಿದ್ದ ದ್ಯಾವಪ್ಪನವರನ್ನು ಸಂಜೆಯೇ ಕರೆಸಿ ಪರದೆ ತೋರಿಸಿದಳು. ಅವರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

"ತಂಗಿ, ಈ ಊರಾಗ ನಾ ಎರಡು ವಾರ ಇದ್ದೆ. ಬಾವಿ ನೀರು ಎಷ್ಟು ಉಪ್ಪು ಅಂದ್ರ, ಚಹಾಕ್ಕ ಹಾಲು ಹಾಕಿದ್ರ ಒಡೀತಿತ್ತು. ಇಲ್ಲಿ ಎರಿ ಹ್ಯಾಂಗ ಬಂತು?"

ರೇಷ್ಮಾ ಎರಡೂ ಹಾಳೆ ಹಾಸಿ, ಅಂಚಿನಲ್ಲಿ ಬರೆದ ನಂಬರುಗಳ ಅರ್ಥ ಓದಿದಳು; ಎರಡು ಏಳಿಗೂ ಬೇರೆ ಬೇರೆ ಮಣ್ಣು. ಮರುಗಳಿಗೆಯೇ ಪ್ರತಿ ನಂಬರಿನ ಹಿಂದೆ ಅದರದರ ಹಾಳೆಯ ಗುರುತು ಸೇರಿಸಿದಳು, ಎರಡೂ ಏಳನ್ನು ಬೇರೆ ಮಾಡಿದಳು. ನೇರ ಸಾಹೇಬರ ಕೋಣೆಗೆ ಹೋದಳು.

"ಸರ್, ತಪ್ಪು ನಂದು. ಅದು ಎರಿ ಅಲ್ರೀ, ಸವಳು."

"ಈಗ ಹೇಳ್ತಿಯಲ್ಲ ಮಾರಾಯ್ತಿ! ಖಾತ್ರಿ ಏನು?"

"ಬೆಳಿಗ್ಗೆ ಹೋಗಿ ನೋಡಿ ಬರ್ತೀವ್ರಿ."

ಬೆಳಗಾಗುತ್ತಲೇ ಮತ್ತೆ ಜೀಪು, ಮತ್ತೆ ಬಾನೆಟ್ಟು! ಕುಣಿಯಬೇಕೆನಿಸಿತು. ಅಷ್ಟು ದಿನ ಮಣ್ಣನ್ನು ಪಟ್ಟಿಯಲ್ಲೇ ಕಂಡಿದ್ದ ರೇಷ್ಮಾ ಮೊದಲ ಸಲ ಹೊಲಕ್ಕಿಳಿದಳು. ಚಿಟಿಕೆ ಮಣ್ಣು ನಾಲಿಗೆಗಿಟ್ಟು ಮುಖ ಕಿವುಚಿ ಉಗುಳಿದಳು. ನಾನು ಗೆದ್ದೆ ಎಂದು ಉಬ್ಬಿಹೋದೆ.

ದ್ಯಾವಪ್ಪನವರು ಮಾತ್ರ ನಗಲಿಲ್ಲ. ಹೊಲದುದ್ದಕ್ಕೂ ನಡೆದು, ನನ್ನನ್ನು ನೋಡಿ, ಮತ್ತೆ ನೆಲ ನೋಡಿದರು. "ತಂಗಿ, ನನ್ನ ಗೆರಿನೂ ಸುಳ್ಳಾಗೇತಿ. ಸವಳು ನಲವತ್ತು ಮಾರು ಮುಂದ ಬಂದೈತಿ. ಪೆನ್ಸಿಲ್ ತಗೋ."

ಅವಳು ನನ್ನ ಮೇಲೆ ಬಗ್ಗಿ ಹೊಸ ಗೆರೆ ಎಳೆದಳು. ಮಧ್ಯಾಹ್ನದ ಸಭೆಯಲ್ಲಿ ಕಾಲುವೆ ಬೇರೆ ಕಡೆ ತಿರುಗಿತು.

ಈಗ ನಾನು ರೇಷ್ಮಾಳ ಮೇಜಿನ ಡ್ರಾಯರಿನಲ್ಲಿದ್ದೇನೆ. ಎಲ್ಲ ಕಂಪ್ಯೂಟರಿನಲ್ಲಿದೆ, ಈ ಹಳೇ ಕಾಗದ ಯಾಕೆ ಎಂದು ಯಾರೋ ಕೇಳಿದರು. ನನಗೇನೂ ಬೇಸರವಾಗಲಿಲ್ಲ. ನಾನೂ ಕಂಪ್ಯೂಟರೂ ಇಬ್ಬರೂ ನೋಡಿದವರ ಮಾತು ಹೇಳುವವರೇ. ನೆಲ ಸರಿಯುತ್ತಲೇ ಇರುತ್ತದೆ, ಹೋಗಿ ನೋಡಬೇಕು. ಅವಳು ಈಗ ವರ್ಷಕ್ಕೊಮ್ಮೆ ಹೋಗುತ್ತಾಳೆ.