ಒಬ್ಬಳೇ ಮಲಮಗಳು, ಎರಡು ಕೊರಳು

ಸೂರಮ್ಮನ ಹೆಸರು ಟಿ.ವಿ. ಪರದೆಯ ಮೇಲೆ ಹಾದುಹೋದ ಸಂಜೆಯಿಂದ ಗಂಗಲಕ್ಷ್ಮಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹೆಸರು ಇದ್ದದ್ದು ಕೆಲವೇ ಕ್ಷಣ. ‘ಮಲಮಗಳ ಹಾಡುಗಳು: ಸೂರಮ್ಮ, ಚಳ್ಳಕೆರೆ’ ಎಂಬ ಹಳದಿ ಅಕ್ಷರಗಳು ಬಂದವು, ಹೋದವು. ಅಷ್ಟಕ್ಕೇ ಎಣ್ಣೆ ಮಿಲ್ಲಿನ ಹಿಂದಿನ ಓಣಿಯ ಹೆಂಗಸರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮನೆಯ ಹಿರಿಯ ಸೊಸೆಯಾದ್ದರಿಂದ ಬಂದವರಿಗೆಲ್ಲ ಪಾನಕ ಹಂಚುವ ಹೊಣೆ ಗಂಗಲಕ್ಷ್ಮಿಯದಾಯಿತು. ಕೆನ್ನೆ ನೋಯುವಷ್ಟು ನಗುತ್ತ ಅವಳು ಹಂಚಿದಳು.

ಸೂರಮ್ಮ ಅವಳ ವಾರಗಿತ್ತಿ. ಗಂಡ ಈರೇಶನ ತಮ್ಮ ಯತ್ತಪ್ಪನ ಹೆಂಡತಿ. ಅಣ್ಣತಮ್ಮಂದಿರಿಬ್ಬರೂ ಒಂದೇ ಮಿಲ್ಲಿನಲ್ಲಿ ಶೇಂಗಾ ಮೂಟೆ ಹೊರುತ್ತಿದ್ದರು. ಮನೆ ಒಂದು, ಒಲೆ ಒಂದು. ಹಾಡೂ ಒಂದೇ ಆಗಿದ್ದದ್ದು ಗಂಗಲಕ್ಷ್ಮಿಯ ದುರದೃಷ್ಟ.

ಏಕೆಂದರೆ ಆ ಮಲಮಗಳು ಮೊದಲು ಅವಳವಳಾಗಿದ್ದಳು. ತೊಂಬತ್ತಮೂರರಲ್ಲಿ ಬೆಂಗಳೂರಿನ ಟಿ.ವಿ. ವ್ಯಾನು ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದ ಬಳಿ ಇದ್ದ ಅವಳ ಗಂಡನ ಹಟ್ಟಿಯನ್ನು ಹುಡುಕಿಕೊಂಡು ಬಂದಿತ್ತು. ಮಲತಾಯಿಯ ಕಾಟಕ್ಕೆ ಒಲೆಯ ಬೂದಿಯಲ್ಲಿ ಮಲಗುವ ಹುಡುಗಿ, ದೊರೆಮನೆಯ ಕುಣಿತದಲ್ಲಿ ಅವಳ ಕಾಲಿನಿಂದ ಜಾರಿಬೀಳುವ ಕಡಗ, ಆ ಕಡಗ ಹೊಂದುವ ಕಾಲನ್ನು ಹುಡುಕುತ್ತ ಊರೂರು ಅಲೆಯುವ ದೊರೆಮಗ. ಲೋಕಕ್ಕೆಲ್ಲ ಗೊತ್ತಿರುವ ಈ ಕತೆಯನ್ನು ಹಟ್ಟಿಯ ಹೆಂಗಸರ ಪದಗಳಲ್ಲೇ ಹೇಳಿಸಿ ‘ಒಂಟಿ ಕಡಗ’ ಎಂದು ಹೆಸರಿಟ್ಟಿದ್ದರು. ಮಲಮಗಳ ಪದಗಳನ್ನೆಲ್ಲ ಮುಂದೆ ನಿಂತು ಹಾಡಿದವಳು ಗಂಗಲಕ್ಷ್ಮಿ. ಹಿಂದೆ ನಿಂತು, ಸಾಲಿನ ತುದಿಯನ್ನು ಮತ್ತೆ ಎತ್ತಿ ಹಾಡುವ ಸೊಲ್ಲು ಹಿಡಿದವಳು ಅತ್ತೆ ಕ್ಯಾತಮ್ಮ. ಪ್ರಸಾರದ ದಿನ ಇಡೀ ಹಟ್ಟಿ ಒಂದು ಕಪ್ಪು-ಬಿಳುಪು ಪೆಟ್ಟಿಗೆಯ ಮುಂದೆ ನೆರೆದಿತ್ತು. ದೊರೆಮಗ ಕಡಗ ಹಿಡಿದು ಮಂಡಿಯೂರುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಕೊನೆಯ ಪದವನ್ನು ಯಾರೂ ನೋಡಲಿಲ್ಲ. ಗಂಗಲಕ್ಷ್ಮಿಯೇ ಕತ್ತಲಲ್ಲಿ ಕುಳಿತು ಅದನ್ನು ಹಾಡಿ ಮುಗಿಸಿದ್ದಳು. ಅಂದಿನಿಂದ ರಾಂಪುರದ ಸಂತೆಯವರೆಗೂ ಅವಳು ‘ಟಿ.ವಿ. ಗಂಗಕ್ಕ’ ಎಂದೇ ಹೆಸರಾದಳು.

ಹನ್ನೆರಡು ವರ್ಷಗಳ ಬಳಿಕ ಒಂದು ಖಾಸಗಿ ವಾಹಿನಿ ಅದೇ ಕತೆಯನ್ನು ಹೊಸದಾಗಿ ತೆಗೆಯಲು ಹೊರಟಿತು. ಅಷ್ಟರಲ್ಲಿ ಅತ್ತೆಯನ್ನು ಹಟ್ಟಿಯಲ್ಲೇ ಬಿಟ್ಟು ಮನೆಯವರು ಮಿಲ್ಲಿನ ಕೆಲಸಕ್ಕೆಂದು ಚಳ್ಳಕೆರೆಗೆ ಬಂದಿದ್ದರು. ವಾಹಿನಿಯವರು ಅಲ್ಲಿಗೆ ಬಂದದ್ದು ಗಂಗಲಕ್ಷ್ಮಿಯನ್ನು ಕೇಳಿಕೊಂಡೇ. ಆ ದಿನ ಅವಳು ಕೊಂಡ್ಲಹಳ್ಳಿಯ ಅಕ್ಕನ ಮನೆಗೆ ಹೋಗಿದ್ದಳು. ಬಾಗಿಲು ತೆರೆದವಳು ಸೂರಮ್ಮ. ನೀನೂ ಹಾಡುತ್ತೀಯಾ ಎಂದು ಅವರು ಸುಮ್ಮನೆ ಕೇಳಿದರಂತೆ; ಇವಳು ಸುಮ್ಮನೆ ಒಂದು ಪದ ಹೇಳಿದಳಂತೆ. ಗಂಗಲಕ್ಷ್ಮಿ ಬಸ್ಸಿಳಿದು ಬರುವಷ್ಟರಲ್ಲಿ ಎಲ್ಲವೂ ತೀರ್ಮಾನವಾಗಿತ್ತು. ಆ ‘ಸುಮ್ಮನೆ’ ಎಂಬ ಮಾತನ್ನು ಅವಳು ಇಂದಿಗೂ ನಂಬಿರಲಿಲ್ಲ.

ಹೊಸದಾದ ‘ಕಾಲ್ಗಡಗದ ಕನ್ಯೆ’ ಬಂದ ಮೇಲೆ ನಲ್ಲಿಯ ಮುಂದೆ, ಶೇಂಗಾ ಆರಿಸುವ ಅಂಗಳದಲ್ಲಿ, ಎಲ್ಲೆಲ್ಲೂ ಎರಡರ ತೂಕವೇ ನಡೆಯಿತು. ಹಳೆಯದರಲ್ಲಿ ಮಲತಾಯಿ ನಿಜಕ್ಕೂ ಮಲತಾಯಿಯಂತಿದ್ದಳು, ಹೊಸದರಲ್ಲಿ ತುಟಿಗೆ ಬಣ್ಣ ಹಚ್ಚಿಕೊಂಡು ಅಳಿಸುವುದಕ್ಕಿಂತ ನಗಿಸುತ್ತಾಳೆ ಎಂದರು ಮುದುಕಿಯರು. ಹಳೆಯದರಲ್ಲಿ ದೊರೆಮಗನ ಕುದುರೆಯೇ ಕುಂಟುತ್ತಿತ್ತು, ಹೊಸದರಲ್ಲಿ ಹೊಗೆ, ದೀಪ, ಮೊಳಕಾಲ್ಮೂರು ರೇಷ್ಮೆ ಸೀರೆಯುಟ್ಟು ಕುಣಿಯುವ ಹುಡುಗಿಯರ ಸಾಲು ಎಲ್ಲ ಇದೆ ಎಂದರು ಎಳೆಯರು. ಇಷ್ಟನ್ನೂ ಗಂಗಲಕ್ಷ್ಮಿ ಸಹಿಸಿಕೊಂಡಳು. ಸಹಿಸಲಾಗದ ಮಾತು ಬಂದದ್ದು ಪಕ್ಕದ ಮನೆಯ ಹುಚ್ಚಕ್ಕನಿಂದ.

“ನೀನು ಹಾಡಿದ್ರೆ ಹುಡುಗಿ ಅಳ್ತಾ ಅವ್ಳೆ ಅನ್ಸೋದು ಕಣವ್ವ. ಇವ್ಳು ಹಾಡಿದ್ರೆ ನಮಗೇ ಅಳು ಬರ್ತೈತೆ.”

ಅದರ ಮರುದಿನವೇ ಕೇಬಲ್ ಜಯಣ್ಣ ಮನೆಗೆ ಬಂದ. ಊರಿನ ಅರ್ಧ ಮನೆಗಳಿಗೆ ಟಿ.ವಿ. ತಂತಿ ಎಳೆದವನು, ಸ್ವಂತದ್ದೊಂದು ಲೋಕಲ್ ಚಾನೆಲ್ ನಡೆಸುವವನು. ಅವನ ಸುದ್ದಿ ಇಷ್ಟು: ಅದೇ ವಾಹಿನಿ ಮಲಮಗಳ ಕತೆಯನ್ನು ದಿನವಹಿ ಧಾರಾವಾಹಿ ಮಾಡಲಿದೆ. ಮಲಮಗಳಿಗೆ ಒಂದೇ ದನಿ ಬೇಕು. ಮನೆಯಲ್ಲಿ ಇಬ್ಬರಿದ್ದಾರೆಂದು ಅವರಿಗೆ ತಿಳಿದಿದೆ. ಹಳೆಯ ‘ಒಂಟಿ ಕಡಗ’ದ ವಿಡಿಯೊ ಕ್ಯಾಸೆಟ್ ಬೆಂಗಳೂರಿನಲ್ಲಿ ಯಾರದೋ ಮನೆಯಲ್ಲಿ ಸಿಕ್ಕಿದೆ. ಭಾನುವಾರ ಎರಡನ್ನೂ ಒಂದರ ಹಿಂದೊಂದು ಹಾಕುತ್ತಾನೆ. ನೋಡಿದವರು ಫೋನ್ ಮಾಡಿ ಯಾರ ದನಿ ಮೇಲೆಂದು ಹೇಳುತ್ತಾರೆ. ಗೆದ್ದವಳನ್ನು ಬೆಂಗಳೂರು ಕರೆಸಿಕೊಳ್ಳುತ್ತದೆ.

ಸೂರಮ್ಮ ತಲೆತಗ್ಗಿಸಿ ಅಕ್ಕಿ ಆರಿಸುತ್ತಿದ್ದಳು. ಅವಳ ಮೊರದಲ್ಲಿ ಒಂದು ಕಲ್ಲಾದರೂ ಉಳಿಯಲಿ ಎಂದು ಗಂಗಲಕ್ಷ್ಮಿಗೆ ಅನ್ನಿಸಿತು.

ಆ ವಾರವೇ ಹೊಸದರ ಮರುಪ್ರಸಾರವಿತ್ತು. ಗಂಗಲಕ್ಷ್ಮಿ ಅದನ್ನು ಗಿಡುಗನ ಕಣ್ಣಿನಿಂದ ನೋಡಿದಳು. ಶ್ರುತಿ ಎಲ್ಲಿ ಜಾರಿತು, ಉಸಿರು ಎಲ್ಲಿ ಒಡೆಯಿತು? ಎಲ್ಲಿಯೂ ಇಲ್ಲ. ದೊರೆಮಗ ಕಡಗ ತೊಡಿಸಿದ, ಕೊನೆಯ ಪದ ಏರಿತು, ಮುಗಿಯಿತು. ನಿರಾಶಳಾಗಿ ಏಳಬೇಕೆಂದವಳು ಅಲ್ಲೇ ಕುಳಿತುಬಿಟ್ಟಳು. ಮುಗಿಯಿತೇ? ಪದ ಏರಿತ್ತು, ಇಳಿದಿರಲಿಲ್ಲ.

ಕ್ಯಾತಮ್ಮನ ಹಟ್ಟಿಯಲ್ಲಿ ಒಂದು ಕಟ್ಟುಪಾಡಿತ್ತು. ಕಣ್ಣೀರಿನ ಪದವನ್ನು ಎತ್ತಿದವರು ಅದನ್ನು ಇಳಿಸಿಯೇ ಏಳಬೇಕು. ಕತೆಯ ಹೆಣ್ಣಿನ ದುಃಖ ನೆಲಕ್ಕಿಳಿಯಲಿ, ಕೇಳಿದವರ ಮನೆ ತಣ್ಣಗಿರಲಿ ಎಂದು ಹರಸುವ ಎರಡು ಸಾಲುಗಳನ್ನು ಮುಂದಿನವಳು ಹಾಡಬೇಕು. ಅವಳ ಉಸಿರು ಮುಗಿಯುವಲ್ಲಿ ಹಿಂದಿನವಳು ಕೊನೆಯ ಸೊಲ್ಲನ್ನು ಹಿಡಿದು ನೆಲ ಮುಟ್ಟಿಸಬೇಕು. ಹಾಗೆ ಇಳಿಸದಿದ್ದರೆ ಆ ದುಃಖ ಹಾಡಿದವಳ ಹೊಸ್ತಿಲಲ್ಲೇ ಕೂರುತ್ತದೆ ಎಂಬುದು ನಂಬಿಕೆ.

ಮರುದಿನ ಬೆಳಿಗ್ಗೆ ಕೊಡ ತುಂಬುವ ಮೊದಲೇ ಗಂಗಲಕ್ಷ್ಮಿ ನಲ್ಲಿಯ ಬಳಿ ಮಾತು ಬಿತ್ತಿದಳು. ದೂರಲಿಲ್ಲ, ಮರುಗಿದಳು. ಪಾಪ ಎಳೆಯಳು, ತಿಳಿಯದೆ ಪದವನ್ನು ತೂಗುಹಾಕಿ ಬಂದಿದ್ದಾಳೆ, ನಮ್ಮ ಹೊಸ್ತಿಲಿಗೆ ಏನು ಕಾದಿದೆಯೋ ಎಂದಳು. ಮಾತು ಆ ಮಧ್ಯಾಹ್ನದ ಬಸ್ಸಿನಲ್ಲೇ ಹಟ್ಟಿಗೂ ಹೋಯಿತು. ಓಣಿಯ ಎಳೆಯ ತಾಯಂದಿರು ಸೂರಮ್ಮ ಎದುರು ಬಂದರೆ ಮಗುವಿನ ಮೇಲೆ ಸೆರಗು ಎಳೆಯತೊಡಗಿದರು. ಮೊದಲ ದಿನ ಸೂರಮ್ಮ ಗಮನಿಸಲಿಲ್ಲ. ಎರಡನೆಯ ದಿನ ಒಲೆಯ ಮುಂದೆ ಬಂದು ನಿಂತಳು.

“ನಾನು ಇಳಿಸಿದ್ದೆ ಅಕ್ಕ. ಅವ್ರೇ ಕತ್ತರಿಸಿದಾರೆ.”

“ನನ್ದು ಯಾಕೆ ಕತ್ತರಿಸ್ಲಿಲ್ಲ?” ಎಂದಳು ಗಂಗಲಕ್ಷ್ಮಿ, ರೊಟ್ಟಿ ತಿರುವುತ್ತ. “ಇಳಿಸೋ ಥರ ಇಳಿಸಿದ್ರೆ ಕತ್ತರಿಸೋಕೆ ಮನಸು ಬರ್ತಿರ್ಲಿಲ್ಲ.”

ಸೂರಮ್ಮ ಖಾಲಿ ಕೊಡ ಎತ್ತಿಕೊಂಡು ಹೊರಗೆ ನಡೆದಳು. ಗಂಗಲಕ್ಷ್ಮಿಗೆ ಬಹಳ ದಿನಗಳ ನಂತರ ಹಸಿವಾಯಿತು.

ಭಾನುವಾರ ಬಂತು. ಓಣಿ ಮತ್ತೆ ಅವರ ಮನೆಯಲ್ಲೇ ನೆರೆಯಿತು. ಹೊಸದು ಮೊದಲು ಬಂತು. ಪದ ಇಳಿಯದೆ ನಿಂತಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಗಲಕ್ಷ್ಮಿ ನೆಟ್ಟಗೆ ಕುಳಿತಳು. ಆಮೇಲೆ ‘ಒಂಟಿ ಕಡಗ’ ಆರಂಭವಾಯಿತು.

ಅವಳು ಅದನ್ನು ಬಣ್ಣದಲ್ಲಿ ನೋಡುತ್ತಿದ್ದದ್ದು ಇದೇ ಮೊದಲು. ಮಲಮಗಳ ಹರಕು ಸೀರೆ ಹಸಿರಾಗಿತ್ತು. ಹಟ್ಟಿಯ ಬೇಲಿಯ ಆಚೆ ಮಣ್ಣು ಕೆಂಪಾಗಿತ್ತು. ಮೊದಲ ಪದ ಎದ್ದಿತು. ಗಂಗಲಕ್ಷ್ಮಿಯ ಕೈ ತನಗರಿಯದೆ ಕೊರಳಿಗೆ ಹೋಯಿತು. ಇದು ಯಾರ ದನಿ? ಹೊಸದಾಗಿ ತೋಡಿದ ಬಾವಿಯ ನೀರಿನಂಥ ಆ ದನಿ ಎಂದೋ ತನ್ನದಾಗಿತ್ತು. ಈಗ ತನ್ನಲ್ಲಿ ಇರಲಿಲ್ಲ. ಸೂರಮ್ಮನ ಮೇಲಿದ್ದ ಉರಿ ಒಂದು ಗಳಿಗೆ ದಿಕ್ಕು ಬದಲಿಸಿ ಆ ಪರದೆಯ ಹಿಂದಿನ ಗಂಗಲಕ್ಷ್ಮಿಯ ಮೇಲೆ ತಿರುಗಿತು. ಬೆಂಗಳೂರಿನವರು ಕರೆದರೆ ಯಾರನ್ನು ಕರೆದಂತಾಗುತ್ತದೆ? ಆ ಹಳೆಯವಳನ್ನೋ, ಈಗಿನ ನನ್ನನ್ನೋ?

ದೊರೆಮಗ ಮಂಡಿಯೂರಿದ. ಈ ಬಾರಿ ಕರೆಂಟು ಹೋಗಲಿಲ್ಲ. ಕೊನೆಯ ಪದ ಏರಿತು. ಈಗ ಇಳಿಸುವ ಸಾಲು. ಗಂಗಲಕ್ಷ್ಮಿಯ ತುಟಿಗಳು ಆಗಲೇ ಅಲುಗುತ್ತಿದ್ದವು. ಪರದೆಯ ಮೇಲೆ ಹೆಸರುಗಳು ಓಡತೊಡಗಿದವು. ಕ್ಯಾಮೆರಾ ಹಿಡಿದವರು, ದೀಪ ಹಿಡಿದವರು, ಕುದುರೆ ಕೊಟ್ಟವರು. ‘ಹಾಡು: ದೇವಸಮುದ್ರದ ಮಹಿಳೆಯರು.’ ಅಷ್ಟರಲ್ಲಿ ಹಾಡು ನಡುವೆಯೇ ಕತ್ತರಿಸಿಹೋಗಿ ಪರದೆ ಕಪ್ಪಾಯಿತು.

ಇಳಿಸಿದ ಸಾಲು ಅದರಲ್ಲೂ ಇರಲಿಲ್ಲ. ಅವಳು ಹಾಡಿದ್ದಳು, ಅತ್ತೆ ಸೊಲ್ಲು ಹಿಡಿದಿದ್ದಳು, ಹಾಡಿದ್ದೆಲ್ಲ ಪೆಟ್ಟಿಗೆಯಲ್ಲಿ ಇರುತ್ತದೆಂದು ಹಟ್ಟಿಯೇ ನಂಬಿತ್ತು. ಹುಚ್ಚಕ್ಕ ಸೆರಗು ಸರಿಪಡಿಸಿಕೊಂಡು ಎದ್ದಳು.

“ಹಂಗಾದ್ರೆ ನಿನ್ದೂ ಇಳಿದಿಲ್ಲ ಬಿಡು ಗಂಗಕ್ಕ. ಹನ್ನೆರಡು ವರ್ಷದಿಂದ ತೂಗಾಡ್ತೈತೆ.”

ಸೂರಮ್ಮ ನಗಲಿಲ್ಲ. ನಕ್ಕಿದ್ದರೆ ಗಂಗಲಕ್ಷ್ಮಿಗೆ ಎಷ್ಟೋ ಹಗುರವಾಗುತ್ತಿತ್ತು.

ಫೋನುಗಳು ಎರಡು ಪಾಲಾದವು. ಹಿರಿಯರು ಹಳೆಯ ದನಿಗೆ, ಹುಡುಗಿಯರು ಹೊಸದಕ್ಕೆ ಜೋತುಬಿದ್ದರು. ಜಯಣ್ಣನಿಗೆ ತೀರ್ಪು ಕೊಡಲಾಗಲಿಲ್ಲ. ಈ ನಡುವೆ ಈರೇಶ ಹಟ್ಟಿಯಿಂದ ಅವ್ವನ ಅಪ್ಪಣೆ ತಂದ: ಸೊಸೆಯರಿಬ್ಬರೂ ಬಂದು, ಎತ್ತಿದ ಜಾಗದಲ್ಲೇ ಪದ ಇಳಿಸಬೇಕು. ತನ್ನ ಕೊರಳು ಸತ್ತುಹೋಗಿರುವುದರಿಂದ ಒಬ್ಬಳಿಗೆ ಇನ್ನೊಬ್ಬಳು ಸೊಲ್ಲು ಹಿಡಿಯಬೇಕು. ಜಯಣ್ಣನಿಗೆ ದಾರಿ ಸಿಕ್ಕಿದಂತಾಯಿತು. ಅಲ್ಲಿಗೇ ಕ್ಯಾಮೆರಾ ತರುತ್ತೇನೆ, ಇಬ್ಬರನ್ನೂ ತೆಗೆದು ಕಳಿಸುತ್ತೇನೆ, ಬೆಂಗಳೂರಿನವರೇ ಆರಿಸಿಕೊಳ್ಳಲಿ ಎಂದ.

ಹಟ್ಟಿಯ ನಡುವಿನ ಬೇವಿನ ಮರದಡಿ, ಬಿಸಿಲೇರುವ ಮೊದಲು, ಇಬ್ಬರೂ ನಿಂತರು. ಎದುರಿಗೆ ಕಂಬಳಿಯ ಮೇಲೆ ಕ್ಯಾತಮ್ಮ. ಸುತ್ತ ಹಟ್ಟಿಯ ಹೆಂಗಸರು. ಒಂದು ಬದಿಗೆ ಹೆಗಲ ಮೇಲೆ ಕ್ಯಾಮೆರಾ ಹೊತ್ತ ಜಯಣ್ಣ.

ಹಿರಿಯಳು ಮೊದಲು. ಗಂಗಲಕ್ಷ್ಮಿ ಕೊನೆಯ ಪದವನ್ನು ಎತ್ತಿ ಇಳಿಸುವ ಸಾಲಿಗೆ ಬಂದಳು.

*ಎತ್ತಿದ ಕಣ್ಣೀರು ನೆಲಕಿಳಿದು ಹೋಗಲಿ,*
*ಕೂತು ಕೇಳಿದ ಮನೆಯು ತಣ್ಣಗಿರಲಿ...*

ಎರಡನೆಯ ಸಾಲಿನ ನಡುವೆ ದನಿ ಒಡೆಯಿತು. ಒಡೆದದ್ದು ಯಾರ ಕಿವಿಗೂ ಬೀಳುವ ಮೊದಲೇ ಸೂರಮ್ಮ ಸೊಲ್ಲು ಹಿಡಿದಳು. ತನ್ನ ದನಿಯನ್ನು ತಗ್ಗಿಸಿ, ಹಿರಿಯಳ ದನಿಯ ಬಿರುಕಿನ ಮೇಲೆ ಸೆರಗು ಹೊದಿಸಿದಂತೆ ಹಿಡಿದು, ಮೆತ್ತಗೆ ನೆಲ ಮುಟ್ಟಿಸಿದಳು. ಹೆಂಗಸರು ತಲೆದೂಗಿದರು. ಮುಚ್ಚಿಟ್ಟದ್ದು ಏನೆಂದು ಗೊತ್ತಿದ್ದದ್ದು ಇಬ್ಬರಿಗೇ. ಗಂಗಲಕ್ಷ್ಮಿಗೆ ಮೈಯೆಲ್ಲ ಕೆಂಡವಾಯಿತು. ಇವಳ ದಯೆಯಲ್ಲಿ ನಾನು ಗೆಲ್ಲಬೇಕೇ?

ಈಗ ಸೂರಮ್ಮನ ಸರದಿ. ಅವಳ ಪದ ಏರಿತು. ಕ್ಯಾಮೆರಾದ ಕೆಂಪು ಚುಕ್ಕೆ ಉರಿಯುತ್ತಿತ್ತು. ಇಳಿಸುವ ಮೊದಲ ಸಾಲು ಮುಗಿಯಿತು. ಎರಡನೆಯದು ಕೊನೆಗೆ ಬಂತು. ಸೂರಮ್ಮನ ಉಸಿರು ತೀರುತ್ತ ಬಂತು. ಅವಳು ಎಂದಿನಂತೆ ಹಿಂದಕ್ಕೆ ಅರೆಗಣ್ಣು ಹಾಯಿಸಿದಳು. ಸೊಲ್ಲು ಹಿಡಿಯಬೇಕಾದ ಗಳಿಗೆ ಅದೇ.

ಗಂಗಲಕ್ಷ್ಮಿ ಬಾಯಿ ಮುಚ್ಚಿಕೊಂಡಳು.

ಎಲ್ಲರ ಎದುರು ಪದ ಗಾಳಿಯಲ್ಲಿ ನಿಂತಿತು. ಕ್ಯಾತಮ್ಮ ಕಂಬಳಿಯಿಂದ ಅರ್ಧ ಎದ್ದಳು. ಇನ್ನೊಂದು ಕ್ಷಣ ಕಳೆದರೆ ಬೀಳುತ್ತಿತ್ತು. ಆಗ ಸೂರಮ್ಮ, ಇಲ್ಲದ ಉಸಿರನ್ನು ಎಲ್ಲಿಂದಲೋ ಎಳೆದುಕೊಂಡು, ತನ್ನ ಸೊಲ್ಲನ್ನು ತಾನೇ ಹಿಡಿದಳು. ದನಿ ನಡುಗಿತು, ಬಿರಿಯಿತು, ಎರಡು ಎಳೆಯಾಗಿ ಸೀಳಿಕೊಂಡಂತೆ ಕೇಳಿಸಿತು. ಅದೇ ನಡುಕದಲ್ಲಿ ಪದ ನೆಲ ಮುಟ್ಟಿತು. ಹಟ್ಟಿಯ ಹೆಂಗಸರ ಕಣ್ಣಿನಲ್ಲಿ ನೀರು ನಿಂತಿತ್ತು.

ಕ್ಯಾತಮ್ಮ ಹಿರಿಯ ಸೊಸೆಯನ್ನು ಹತ್ತಿರ ಕರೆದು, ಬೇರೆ ಯಾರಿಗೂ ಕೇಳದಂತೆ ಕೇಳಿದಳು.

“ಕಟ್ಟಿದ್ದು ಗಂಟಲಾ ಗಂಗಾ, ಮನಸಾ?”

“ಗಂಟಲು ಅತ್ತೆ.”

ಕ್ಯಾತಮ್ಮ ಸೂರಮ್ಮನಿಗೆ ಮಾತ್ರ ತನ್ನ ಕೈಯಾರೆ ಮಜ್ಜಿಗೆ ಕೊಟ್ಟಳು.

ಮುಂದಿನ ವಾರ ಜಯಣ್ಣ ಮನೆಯ ಬಾಗಿಲಲ್ಲಿ ನಿಂತು ಫಲಿತಾಂಶ ಹೇಳಿದ. ಗಂಗಕ್ಕನ ಹಾಡು ಚೆನ್ನಾಗಿದೆ ಎಂದರಂತೆ. ಆದರೆ ಸೂರಮ್ಮನ ಕೊನೆಯ ಸಾಲನ್ನು ಅವರು ಮತ್ತೆ ಮತ್ತೆ ಹಾಕಿಸಿ ಕೇಳಿದರಂತೆ. ಮುಂದಿನ ದನಿ, ಹಿಂದಿನ ದನಿ ಎರಡನ್ನೂ ಒಬ್ಬಳೇ ಹಾಡುವುದನ್ನು ಅವರು ಎಲ್ಲಿಯೂ ಕೇಳಿರಲಿಲ್ಲವಂತೆ. ಅದು ಈ ಕಡೆಯ ಹಳೆಯ ರೂಢಿಯೇ ಎಂದು ವಿಚಾರಿಸಿದರಂತೆ. ಜಯಣ್ಣ ಹೌದೆಂದು ಹೇಳಿಬಿಟ್ಟನಂತೆ.

ಗಂಗಲಕ್ಷ್ಮಿ ಒಲೆಯ ಮುಂದೆ ಬೆನ್ನು ಮಾಡಿ ಕುಳಿತು ಕೇಳಿದಳು. ಬೇವಿನ ಮರದಡಿ ತಾನು ಬಾಯಿ ಮುಚ್ಚಿಕೊಂಡ ಆ ಒಂದು ಗಳಿಗೆಯೇ ಸೂರಮ್ಮನನ್ನು ಬೆಂಗಳೂರಿಗೆ ಕಳಿಸುತ್ತಿದೆ. ತನ್ನ ಕೈಯಾರೆ ಕೊಟ್ಟಿದ್ದರೂ ಇಷ್ಟು ಧಾರಾಳವಾಗಿ ಕೊಡುತ್ತಿರಲಿಲ್ಲ.

ಜಯಣ್ಣ ಹೋದ ಮೇಲೆ ಸೂರಮ್ಮ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಳು. ಒಲೆಯ ಸೌದೆಯನ್ನು ಒಳಕ್ಕೆ ತಳ್ಳಿದಳು.

“ದಿನಾ ಹಾಡೋದು ಅಂದ್ರೆ ಸೊಲ್ಲಿಗೆ ಒಬ್ರು ಬೇಕು ಅಂದೆ ಅಕ್ಕ. ನಿನ್ ಹೆಸರೇ ಹೇಳಿದೀನಿ.”

“ಹಿಂದೆ ನಿಂತ್ಕಳ್ಳಾಕಾ?”

“ಹೂಂ. ಹಿಂದೆ.”

“ಅಲ್ಲೂ ನಾನು ಹಿಡೀದೇ ಇದ್ರೆ?”

ಸೂರಮ್ಮ ಅವಳನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿ ಈ ಬಾರಿ ಮುಚ್ಚಿಟ್ಟದ್ದು ಏನೂ ಇರಲಿಲ್ಲ.

“ನಾನೇ ಹಿಡೀತೀನಿ. ಬರ್ತೈತೆ ಅಂತ ಗೊತ್ತಾತಲ್ಲ, ನಿನ್ನಿಂದ.”

ಗಂಗಲಕ್ಷ್ಮಿ ಒಲೆಯ ಬೂದಿಯನ್ನು ಬದಿಗೆ ಸರಿಸಿದಳು. ಹೋದರೆ ಇವಳ ಬೆನ್ನನ್ನೇ ನೋಡುತ್ತ ನಿಲ್ಲಬೇಕು. ಹೋಗದಿದ್ದರೆ ಓಣಿಯ ಹೆಂಗಸರ ನಡುವೆ ಕುಳಿತು ಪ್ರತಿ ಸಂಜೆ ಇವಳ ದನಿ ಕೇಳಬೇಕು. ತನ್ನ ಜಾಗದಲ್ಲಿ ಇನ್ನಾರೋ ಸೊಲ್ಲು ಹಿಡಿಯುವುದನ್ನೂ ಕೇಳಬೇಕು. ದೂರ ಕುಳಿತು ಉರಿಯುವುದಕ್ಕಿಂತ ಹತ್ತಿರ ನಿಂತು ಉರಿಯುವುದೇ ವಾಸಿ. ಹತ್ತಿರವಿದ್ದರೆ, ಇವಳ ದನಿ ಒಂದು ದಿನ ಒಡೆಯುವುದನ್ನು ಎಲ್ಲರಿಗಿಂತ ಮೊದಲು ಕೇಳುವವಳಾದರೂ ತಾನೇ ಆಗುತ್ತಾಳೆ.

“ಬಸ್ಸು ಎಷ್ಟೊತ್ತಿಗೆ?” ಎಂದು ಕೇಳಿದಳು.