ಐವತ್ತೈದು ದಾಟದ ಮುಳ್ಳು

ಪಂಚಮಿಗೆ ಒಂದು ಕೆಟ್ಟ ಚಾಳಿಯಿತ್ತು. ಗೊತ್ತಿರುವುದನ್ನು ಬಾಯಿಬಿಟ್ಟು ಹೇಳಬೇಕಾದಾಗಲೆಲ್ಲ "ನೋಡಿ ಹೇಳ್ತೀನಿ" ಎಂದು ಜಾರಿಕೊಳ್ಳುವುದು. ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಪಾಠ ಮಾಡುವವಳ ಬಾಯಲ್ಲಿ ಈ ಮಾತು ಚೆನ್ನಾಗಿಯೇ ಒಪ್ಪುತ್ತಿತ್ತು. ಕೇಳಿದವರು ಎಷ್ಟು ಜಾಗ್ರತೆಯ ಹೆಣ್ಣು ಎಂದುಕೊಳ್ಳುತ್ತಿದ್ದರು. ಬಣಕಲ್ಲಿನ ಏಲಕ್ಕಿ ಬೆಳೆಗಾರ್ತಿ ಗಿರಿಜಾಂಬಾ ಅವರ ಅಂಗಳದಲ್ಲೂ ಅವಳು ಅದನ್ನೇ ಹೇಳಿದಳು.

ಅಂಗಳದ ತುಂಬ ಸುಟ್ಟ ಏಲಕ್ಕಿಯ ವಾಸನೆ. ಹೊಸ ಡ್ರೈಯರ್‌ನಲ್ಲಿ ಒಣಗಿದ ಮೊದಲ ಲೋಡು ಅದು. ನಕ್ಷೆ ಪಂಚಮಿಯದು, ಕಟ್ಟಿಕೊಟ್ಟವನು ಊರಿನ ಮೆಕ್ಯಾನಿಕ್ ಯಾಕೂಬ್. ಒಲೆಯ ಬಿಸಿ ಹೊಗೆ ಕಬ್ಬಿಣದ ಕೊಳವೆಯೊಳಗೆ ಹಾಯುತ್ತದೆ, ಕೊಳವೆ ಗಾಳಿಯನ್ನು ಕಾಯಿಸುತ್ತದೆ, ಕಾದ ಗಾಳಿ ಮೇಲೆ ಜೋಡಿಸಿದ ಟ್ರೇಗಳ ನಡುವೆ ಏರುತ್ತ ಕಾಯಿ ಒಣಗಿಸುತ್ತದೆ. ಹಳೇ ಡ್ರೈಯರ್‌ಗಳಲ್ಲಿ ಕೊಳವೆಗೂ ಕೆಳಗಿನ ಟ್ರೇಗೂ ನಡುವೆ ಆಳೆತ್ತರ ಜಾಗ ಬಿಡುತ್ತಿದ್ದರು. ಪಂಚಮಿ ಅದನ್ನು ಮೊಣಕಾಲೆತ್ತರಕ್ಕೆ ಇಳಿಸಿದ್ದಳು. ಹೀಗೆ ಮಾಡಿದರೆ ಸೌದೆ ಎಷ್ಟೋ ಉಳಿಯುತ್ತದೆ ಎಂದು ಅವಳ ಕಂಪ್ಯೂಟರ್ ಹೇಳಿತ್ತು. ಈಗ ನೋಡಿದರೆ ಮೇಲಿನ ಟ್ರೇಗಳಲ್ಲಿ ಏಲಕ್ಕಿ ಗಿಳಿಹಸಿರು, ಕೆಳಗಿನ ಟ್ರೇ ಮಾತ್ರ ಕರಕಲು.

ಒಲೆ ನೋಡಿಕೊಂಡವನು ಯಾಕೂಬನ ಹೆಂಡತಿಯ ತಮ್ಮ ಉಬೈದ್. ಬಾಗಿಲಿಗೆ ಸಿಕ್ಕಿಸಿದ ಉಷ್ಣಮಾಪಕದ ಮುಳ್ಳು ಐವತ್ತೈದು ಡಿಗ್ರಿ ದಾಟದಂತೆ ಬೆಂಕಿ ಹಿಡಿತದಲ್ಲಿಡಬೇಕೆಂದು ಪಂಚಮಿಯೇ ಅವನಿಗೆ ಹೇಳಿಕೊಟ್ಟಿದ್ದಳು. ಆದರೆ ಅದು ೨೦೦೩ರ ವಿಶ್ವಕಪ್ಪಿನ ಸಮಯ. ಕ್ರಿಕೆಟ್ಟೆಂದರೆ ಉಬೈದ್ ಊಟ ಬಿಡುತ್ತಾನೆ ಎನ್ನುವುದು ಇಡೀ ಬಣಕಲ್ಲಿಗೆ ಗೊತ್ತಿತ್ತು.

"ಸೌದೆ ತುರುಕಿಟ್ಟು ಮ್ಯಾಚ್ ನೋಡೋಕೆ ಹೋಗಿದೀಯ," ಎಂದ ಯಾಕೂಬ್. ಸುತ್ತ ನಾಲ್ಕಾರು ಬೆಳೆಗಾರರು, ಕೆಲಸದವರು ನಿಂತಿದ್ದರು.

"ಇಲ್ಲ ಭಾಯ್. ಒಲೆ ಬಿಟ್ಟು ಕದಲಿಲ್ಲ ನಾನು. ಮುಳ್ಳು ಐವತ್ತೈದು ದಾಟಿಲ್ಲ."

"ದಾಟ್ದೇನೇ ಸುಡ್ತದಾ? ಅಮ್ಮಾವ್ರ ಎದುರಿಗೆ ಸುಳ್ಳು ಬೇರೆ ಹೇಳ್ತೀಯಲ್ಲೋ!"

ಉಬೈದ್ ಪಂಚಮಿಯ ಕಡೆ ತಿರುಗಿದ. "ಮೇಡಂ, ನೀವಾದ್ರೂ ಹೇಳಿ. ಮುಳ್ಳು ಸರಿಯಿದ್ದೂ ಹಿಂಗಾಗಬಹುದಾ?"

ಪಂಚಮಿಯ ಅಂಗೈಯಲ್ಲಿ ಕೆಳಗಿನ ಟ್ರೇಯ ಒಂದು ಕಾಯಿಯಿತ್ತು. ಕೊಳವೆಯತ್ತ ಇದ್ದ ಮಗ್ಗುಲು ಕಪ್ಪಗೆ ಸೀದಿತ್ತು, ಮೇಲ್ಮಗ್ಗುಲು ಇನ್ನೂ ಹಸಿರು. ಅವಳಿಗೆ ಎಲ್ಲ ತಿಳಿದುಹೋಯಿತು.

"ನೋಡಿ ಹೇಳ್ತೀನಿ," ಎಂದಳು.

"ನೋಡೋದೇನಿಲ್ಲ ಮೇಡಂ," ಎಂದ ಯಾಕೂಬ್, ಉಬೈದನತ್ತ ಕೈ ಮಾಡಿ. "ನಾಳೆಯಿಂದ ನೀನು ಗ್ಯಾರೇಜಿಗೆ ಬರೋದೇ ಬೇಡ."

"ಒಂದು ಟ್ರೇ ತಾನೆ, ಹೋಗ್ಲಿ ಬಿಡು ಮಾರಾಯ," ಎಂದರು ಗಿರಿಜಾಂಬಾ. ಅಷ್ಟರಲ್ಲಿ ಉಬೈದ್ ಗೇಟು ದಾಟಿದ್ದ.

ಬಸ್ಸಿನಲ್ಲಿ ಕೂತ ಪಂಚಮಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಶಾಖವು ಗಾಳಿಯ ಮೇಲೆ ಸವಾರಿ ಮಾಡಿಯೇ ಬರಬೇಕೆಂದಿಲ್ಲ. ಕಾದ ವಸ್ತುವಿನಿಂದ ನೇರವಾಗಿ, ನಡುವಿನ ಗಾಳಿಯನ್ನು ಕೇಳದೆಯೂ ಹೊರಟು ಬರುತ್ತದೆ. ಅದೇ ವಿಕಿರಣ. ಬಚ್ಚಲೊಲೆಯ ಮುಂದೆ ಚಳಿ ಕಾಯಿಸಿಕೊಳ್ಳುವಾಗ ಮುಖ ಸುಟ್ಟು ಬೆನ್ನು ತಣ್ಣಗಿರುವುದು ಅದರಿಂದಲೇ. ಕಂಪ್ಯೂಟರಿನಲ್ಲಿ ಅದಕ್ಕೂ ಒಂದು ಚೌಕವಿತ್ತು, ಗುರುತು ಹಾಕಿದರೆ ಲೆಕ್ಕಕ್ಕೆ ಸೇರುತ್ತಿತ್ತು. ಹಾಕಿ ನೋಡಿದ್ದಳು ಕೂಡ. ಕೊಳವೆಯ ಪ್ರತಿ ಚೂರಿನಿಂದ ಟ್ರೇಯ ಪ್ರತಿ ಚೂರಿಗೂ ಎಷ್ಟು ಶಾಖ ಹೋಗುತ್ತದೆಂಬ ಲೆಕ್ಕ ಅದು, ಕಾಲೇಜಿನ ಬಡ ಯಂತ್ರ ತೆವಳತೊಡಗಿತು. ಇತ್ತ ಸಮ್ಮೇಳನಕ್ಕೆ ಪ್ರಬಂಧ ಕಳಿಸುವ ಗಡುವು ಹತ್ತಿರವಾಗಿತ್ತು. ಗುರುತು ತೆಗೆದಳು. 'ವಿಕಿರಣ ನಗಣ್ಯ' ಎಂದು ಬರೆದಳು. ಪ್ರಬಂಧ ಒಪ್ಪಿಗೆಯಾಯಿತು, ಚಪ್ಪಾಳೆಯೂ ಬಿತ್ತು. ಅದೇ ನಕ್ಷೆಯನ್ನು ಯಾಕೂಬನ ಕೈಗೂ ಕೊಟ್ಟಳು.

ಆ ವಾರ ಅವಳು ಚೌಕಕ್ಕೆ ಗುರುತು ಹಾಕಿ ಯಂತ್ರವನ್ನು ತೆವಳಲು ಬಿಟ್ಟಳು. ತಪ್ಪು ತನ್ನದಲ್ಲ ಎಂದು ಅದು ಹೇಳೀತೆಂಬ ಆಸೆ ಎಲ್ಲೋ ಇತ್ತು, ನಾಚಿಕೆಗೇಡಿನ ಆಸೆ. ಕೊನೆಗೆ ಪರದೆಯ ಮೇಲೆ ಕೆಳಗಿನ ಟ್ರೇ ಕೆಂಡದ ಬಣ್ಣದಲ್ಲಿ ಮೂಡಿತು. ಬಾಗಿಲ ಬಳಿಯ ಗಾಳಿ ಆಗಲೂ ಐವತ್ತೈದನ್ನು ದಾಟಿರಲಿಲ್ಲ.

ಭಾನುವಾರ ಬಣಕಲ್ಲಿಗೆ ಹೋಗಿ ಗ್ಯಾರೇಜಿನಲ್ಲಿ ಯಾಕೂಬನೆದುರು ನಿಂತಳು. "ಯಾಕೂಬಣ್ಣ, ತಪ್ಪು ನನ್ನದು. ಉಬೈದ್ ಅವ್ರು ಹೇಳಿದ್ದು ನಿಜ."

ಯಾಕೂಬನ ಕಣ್ಣಲ್ಲಿ ನೀರಾಡಿತು. "ನಿಮ್ದು ದೊಡ್ಡ ಮನಸ್ಸು ಮೇಡಂ. ನಮ್ಮನೆ ಮಾನ ಉಳಿಸೋಕೆ ಅಂತ ತಪ್ಪು ನಿಮ್ಮ ಮೇಲೆ ಎಳ್ಕೊಳ್ತಿದೀರಿ."

ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಎದುರಿಗೆ ಟೀ ಬಂತು, ಬನ್ನು ಬಂತು. ತಪ್ಪೊಪ್ಪಿಕೊಳ್ಳಲು ಬಂದವಳು ದೇವರಂಥವಳಾಗಿ ಬೆಂಚಿನ ಮೇಲೆ ಕೂತಿದ್ದಳು. ಟೀ ಲೋಟವನ್ನು ಬದಿಗಿಟ್ಟಳು.

"ಒಂದ್ಸಲ ಒಲೆ ಹಚ್ಚೋಣ ಬನ್ನಿ," ಎಂದು ಎಬ್ಬಿಸಿ ಕರೆದುಕೊಂಡು ಹೋದಳು.

ಗಿರಿಜಾಂಬಾ ಬೇಡವೆನ್ನಲಿಲ್ಲ. ಮುಳ್ಳು ಐವತ್ತೈದಕ್ಕೆ ಬಂದು ನಿಂತಾಗ ಪಂಚಮಿ ಕೆಳಗಿನ ಟ್ರೇ ಎಳೆದು, ಆ ಜಾಗದಲ್ಲಿ ಕೈಯೊಡ್ಡಲು ಯಾಕೂಬನಿಗೆ ಹೇಳಿದಳು. ಒಡ್ಡಿದವನು ತಟ್ಟನೆ ಹಿಂದಕ್ಕೆಳೆದುಕೊಂಡ. ಅವಳು ಕೊಳವೆಗೆ ತಾಗದಂತೆ ಒಂದು ತಗಡನ್ನು ನಡುವೆ ಹಿಡಿದು, ಈಗ ಇಡಿ ಎಂದಳು. ಈ ಸಲ ಅವನ ಕೈ ಅಲ್ಲೇ ನಿಂತಿತು. ಅವನು ಮುಳ್ಳನ್ನು ನೋಡಿದ, ಕೈ ನೋಡಿಕೊಂಡ, ತಗಡು ಸರಿಸಲು ಹೇಳಿ ಇನ್ನೊಮ್ಮೆ ಬಿಸಿ ತಾಗಿಸಿಕೊಂಡ.

"ಇದು ನಿಮ್ಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು. ಲೆಕ್ಕ ಬೇಗ ಮುಗೀಲಿ ಅಂತ ಬಿಟ್ಟೆ."

ಯಾಕೂಬ್ ಸೌದೆ ರಾಶಿಯ ಮೇಲೆ ಕೂತುಬಿಟ್ಟ. "ಎಲ್ಲರೆದುರು ಸುಳ್ಳ ಅಂದುಬಿಟ್ನಲ್ಲ ಅವನ್ನ," ಎಂದ. ಪಂಚಮಿ ಅವನ ಭಾರ ಇಳಿಸಲು ಬಂದಿದ್ದಳು. ಈಗ ಅದರ ಎರಡರಷ್ಟನ್ನು ಹೊರಿಸಿದಂತಾಗಿತ್ತು.

ಉಬೈದ್ ಮೂಡಿಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದ. ಇಬ್ಬರೂ ಜೀಪಿನಲ್ಲಿ ಹೋದಾಗ ನೀರಿನ ತೊಟ್ಟಿಯಲ್ಲಿ ಟ್ಯೂಬು ಅದ್ದುತ್ತ ಕೂತಿದ್ದ. ಯಾಕೂಬ್ ಅವನ ಹೆಗಲು ಹಿಡಿದು, "ತಪ್ಪಾಯ್ತು ಕಣೋ," ಎಂದ. ಆಮೇಲೆ ಪಂಚಮಿ ಮಾತಾಡಿದಳು. ಕೊಳವೆ, ಟ್ರೇ, ವಿಕಿರಣ, ಗುರುತು ತೆಗೆದ ಚೌಕ, ಯಾವುದನ್ನೂ ಬಿಡಲಿಲ್ಲ. ಇದನ್ನೆಲ್ಲ ಕಟ್ಟಿಕೊಂಡು ನನಗೇನು ಎಂದು ಅವನಿಗೆ ಅನಿಸುವಷ್ಟು ಹೇಳಿದಳು.

"ಅದೆಲ್ಲ ನಂಗೆ ತಿಳಿಯಲ್ಲ ಮೇಡಂ," ಎಂದ ಉಬೈದ್. "ನಾನು ಸುಳ್ಳು ಹೇಳಿಲ್ಲ ಅಂತ ನಿಮ್ಗೆ ಗೊತ್ತಾಗಿದ್ದು ಯಾವಾಗ?"

ಕಂಪ್ಯೂಟರ್ ಲೆಕ್ಕ ಮುಗಿದ ಮೇಲೆ ಎಂದರೆ ಮುಗಿದುಹೋಗುತ್ತಿತ್ತು. ಅಲ್ಲವೆನ್ನಲು ಸಾಕ್ಷಿ ಯಾರೂ ಇರಲಿಲ್ಲ. ಪಂಚಮಿಯ ನಾಲಿಗೆ ಅತ್ತ ಹೊರಳಿಯೂ ಹೊರಳಿತು.

"ಅವತ್ತೇ," ಎಂದಳು. "ಕಾಯಿ ಕೈಗೆ ತಗೊಂಡಾಗಲೇ."

"ನಾನು ನಿಮ್ಮನ್ನ ಕೇಳಿದಾಗ?"

"ಹೂಂ. ನೀವು ಕೇಳಿದಾಗ."

ಉಬೈದ್ ಟ್ಯೂಬನ್ನು ಮತ್ತೆ ನೀರಿಗೆ ಅದ್ದಿದ. "ಭಾಯ್‌ಗೆ ಗೊತ್ತಿರ್ಲಿಲ್ಲ, ಬೈದ್ರು," ಎಂದ. "ನಿಮ್ಗೆ ಗೊತ್ತಿತ್ತು."

ಯಾಕೂಬ್ ಪಂಚಮಿಯ ಮುಖ ನೋಡಲಿಲ್ಲ. ಮೆಲ್ಲಗೆ ಆಚೆ ಸರಿದು, ಉಬೈದನ ಪಕ್ಕ ಕುಕ್ಕರಗಾಲಲ್ಲಿ ಕೂತು, ಟ್ಯೂಬಿನ ಇನ್ನೊಂದು ತುದಿ ಹಿಡಿದುಕೊಂಡ.