ಗುಡ್ಡದ ಮೇಲಿಂದ ಕೇಳಿದ ಹೆಸರು

ರಾಯಚೂರು ಕೋಟೆಯ ಗುಡ್ಡವನ್ನು ಒಂದೇ ಉಸಿರಿನಲ್ಲಿ ಹತ್ತಿದವನು ನಾನು. ಹೆಗಲ ಮೇಲೆ ಹೆಂಡತಿ, ಕೈಯಲ್ಲಿ ತುಂಬಿದ ಚಹಾದ ಕಪ್ಪು; ಒಂದು ಹನಿ ಚೆಲ್ಲಿದ್ದರೆ ಕೇಳಿ. ನಡುದಾರಿಯಲ್ಲಿ ಎದುರಾದ ಹದ್ದು ನನಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯಿತು.

ಹೆಂಡತಿಯ ಹೆಸರು ಬಂಡೆಮ್ಮ. ಪೋತ್ನಾಳದ ಕುರಿ ಕಾಯುವವರ ಮನೆಯ ಮಗಳು. ಮದುವೆಯಾಗಿ ಗಬ್ಬೂರಿಗೆ ಬಂದು ಇಪ್ಪತ್ತಾರು ವರ್ಷವಾದರೂ ನನ್ನ ಹೆಸರು ಹಿಡಿದು ಕರೆದವಳಲ್ಲ. ಮದುವೆಯ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಹೇಳೆಂದು ಕಾಡಿದಾಗ ಸೆರಗಿನೊಳಗೇ ಏನೋ ಗುನುಗಿದಳು. ಅವರಿಗೆ ಕೇಳಿಸಿತಂತೆ, ನನಗೆ ಕೇಳಿಸಲಿಲ್ಲ. ಅಂದಿನಿಂದ ನಾನು ಬರೀ ‘ಏನ್ರೀ’. ರೇಷನ್ ಅಂಗಡಿಯವನು ಗಂಡನ ಹೆಸರು ಕೇಳಿದರೂ ಸುಮ್ಮನೆ ಕಾರ್ಡು ಮುಂದೆ ಚಾಚುತ್ತಾಳೆ. ಒಮ್ಮೆ ಅವಳ ಬಾಯಲ್ಲಿ ನನ್ನ ಹೆಸರು ಕೇಳಬೇಕು, ಅಷ್ಟೇ ನನ್ನ ಆಸೆ.

ಕಳೆದ ಸೋಮವಾರ ಹೊಸ ಹಳದಿ ಅಂಗಿ ತೊಟ್ಟು ಅವಳನ್ನು ರಾಯಚೂರಿಗೆ ಕರೆದೊಯ್ದೆ. ಆಸ್ಪತ್ರೆಗೆ, ಬಟ್ಟೆ ಖರೀದಿಗೆ ಹೋಗಿದ್ದೆವೇ ಹೊರತು ಸುಮ್ಮನೆ ತಿರುಗಾಡಲು ಹೋದದ್ದೇ ಇರಲಿಲ್ಲ. ಬಸ್ಸಿಳಿದವರೇ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದೆವು. ನಾನು ನಲವತ್ತು ಮಿರ್ಚಿ ತಿಂದೆ. ಅಂಗಡಿಯವನು ಬಾಣಲೆ ಬೋರಲು ಹಾಕಿ ಕೈಮುಗಿದ.

“ನಾಕು ತಿಂದ್ರಿ,” ಎಂದು ಈಗಲೂ ತಿದ್ದುತ್ತಾಳೆ ಬಂಡೆಮ್ಮ. “ಐದನೇದು ನನ್ನ ತಾಟಿಗಿ ಹಾಕಿದ್ರಿ.”

ತೀನ್ ಕಂದೀಲ್ ವೃತ್ತದ ಕಡೆ ಬಳೆ ಅಂಗಡಿಗಳನ್ನು ಸುತ್ತಿದೆವು. ಮಧ್ಯಾಹ್ನ ಖಾನಾವಳಿಯಲ್ಲಿ ಬಿಸಿ ರೊಟ್ಟಿ. ಆಮೇಲೆ ಕೋಟೆ ಗುಡ್ಡದ ಬುಡದ ಕೆರೆ, ಆಮ್ ತಲಾಬಿನ ದಂಡೆಯಲ್ಲಿ ಕೂತು ಐಸ್‌ಕ್ರೀಂ. ಅದು ಕರಗಿ ಅವಳ ಮುಂಗೈಗೆ ಇಳಿದಾಗ ನನ್ನ ಕರ್ಚೀಫಿನಿಂದ ಒರೆಸಿದೆ. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಇದೇ ಹೊತ್ತೆಂದು ಕೇಳಿದೆ.

“ಒಂದ್ಸಲ ನನ್ನ ಹೆಸರು ಹೇಳಬೇ.”

“ಅಯ್ಯ, ಸುಮ್ನಿರ್ರಿ. ಮಂದಿ ನೋಡಾಕತ್ತಾರ.”

“ಗುಡ್ಡದ ತುದಿ ಹತ್ತಿದ್ರ ಹೇಳ್ತೀಯೇನು?”

ಬಂಡೆಮ್ಮ ಗುಡ್ಡ ನೋಡಿದಳು, ನನ್ನನ್ನು ನೋಡಿದಳು, ನಕ್ಕಳು. “ನೀವು? ಮಾಳಿಗಿ ಮ್ಯಾಲ ಮೆಣಸಿನಕಾಯಿ ಒಣಗಿಸಾಕ ನನ್ನ ಹತ್ತಸ್ತೀರಿ. ಆಯ್ತು, ಹತ್ರಿ. ಹತ್ತಿದ್ರ ಹೇಳ್ತೀನಿ.”

ಹತ್ತಿದೆ. ಹೇಗೆಂದು ಮೊದಲೇ ಹೇಳಿದ್ದೇನಲ್ಲ! ತುದಿಯಲ್ಲಿ ಬಂಡೆಮ್ಮ ಬೆರಗಾಗಿ ನನ್ನ ಹೆಸರು ಕೂಗಿದಳು. ಆ ಕೂಗಿಗೆ ದೇವದುರ್ಗದ ಬಸ್ಸುಗಳೆಲ್ಲ ನಿಂತಲ್ಲೇ ನಿಂತವಂತೆ.

ಸಂಜೆ ಊರಿಗೆ ಮರಳಿ, ಗಬ್ಬೂರಿನ ಸತ್ತಾರ್ ಸಾಬನ ಚಹಾ ಅಂಗಡಿಯಲ್ಲಿ ಇಷ್ಟನ್ನೂ ಹೇಳಿ ಮುಗಿಸಿದೆ. ಸತ್ತಾರ್ ಸಾಬ್ ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದ. “ಹೌದೇನ್ ಬಂಡೆಮ್ಮಕ್ಕ?”

ಅವಳು ಫೋನು ಕೊಟ್ಟಳು. ಗುಡ್ಡದ ಮೇಲಿಂದ ತೆಗೆದ ಫೋಟೊ. ತಲಾಬು, ಊರಿನ ಮಾಳಿಗೆಗಳು, ಮೆಟ್ಟಿಲುಗಳ ನಡುವೆ ಒಂದು ಹಳದಿ ಚುಕ್ಕಿ. ಸತ್ತಾರ್ ಸಾಬ್ ಎರಡು ಬೆರಳಿನಿಂದ ಅದನ್ನು ದೊಡ್ಡದು ಮಾಡಿದ.

“ಹನುಮಂತಣ್ಣ, ಈ ಬಂಡೆಗಲ್ಲು ತಬ್ಕೊಂಡು ಕುಂತಾವ ಯಾರು? ಅಂಗಿ ನಿಂದೇ ಐತಲ್ಲ!”

ಇನ್ನು ಮುಚ್ಚಿಟ್ಟು ಫಲವಿಲ್ಲ. ಅವನು ನಾನೇ. ಅರ್ಧ ಹತ್ತಿ ಕೆಳಗೆ ನೋಡಿದ್ದೇ ತಪ್ಪಾಯಿತು. ತಲಾಬು ಗರಗರ ತಿರುಗಿತು. “ನೀ ನಡಿ, ನಾ ಬಂದೆ,” ಎಂದೆ. ಅವಳು ಆಡಿನ ಹಾಗೆ ಹತ್ತಿಹೋದಳು. ನಾನು ಕಣ್ಣುಮುಚ್ಚಿ ಕಲ್ಲನ್ನು ತಬ್ಬಿದೆ. ಏಳಲೂ ಆಗದು, ಇಳಿಯಲೂ ಆಗದು. ಆಗ ಮೇಲಿಂದ ಕೇಳಿಸಿತು.

“ಹನುಮಂತ್ರಾಯಾ! ಕೆಳಗ ನೋಡಬ್ಯಾಡ್ರಿ! ನನ್ನ ನೋಡ್ರಿ, ಬಂದೆ!”

ಸುತ್ತಲಿನ ಮಂದಿಯೆಲ್ಲ ತಿರುಗಿ ನೋಡಿದರು. ಅವಳು ಅದ್ಯಾವುದನ್ನೂ ಗಮನಿಸದೆ ಓಡುತ್ತ ಇಳಿದು ಬಂದು ನನ್ನ ಕೈ ಹಿಡಿದಳು. ಒಂದೊಂದೇ ಮೆಟ್ಟಿಲು, ಕೂತುಕೊಂಡೇ ಸರಿಯುತ್ತ ಕೆಳಗೆ ಬಂದೆ. ತಲಾಬಿನ ದಂಡೆ ಮುಟ್ಟುವವರೆಗೂ ಅವಳು ಕೈ ಬಿಡಲಿಲ್ಲ.

ಚಹಾ ಸುಳ್ಳು, ಹದ್ದು ಸುಳ್ಳು, ಗುಡ್ಡ ಹತ್ತಿದ್ದೂ ಸುಳ್ಳು. ಅವಳು ನನ್ನ ಹೆಸರು ಕೂಗಿದ್ದು ಮಾತ್ರ ನಿಜ.